ಉಮ್ಮನ ಮರೆವು ಮತ್ತು ಅಡುಗೆಮನೆಯ ಎಣ್ಣೆ

"ಉಮ್ಮನಿಗೆ ಈಗ ಮರೆವು ಜಾಸ್ತಿ, ವಯಸ್ಸಾಯ್ತಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು ಇರಬಹುದು. ಆದರೆ ಈಗಷ್ಟೇ ಲುಹರ್ ನಮಾಝ್ ಮಾಡಿ ಎದ್ದವರು "ನಾನು ನಮಾಝ್ ಮಾಡಿದೆನಾ?" ಎಂದು ಮತ್ತೆ ಮತ್ತೆ ಕೇಳಿದರೆ, ಸ್ವಂತ ಮಗಳ ಹೆಸರು ಮರೆತರೆ, ಮನೆಯ ದಾರಿ ತಪ್ಪಿದರೆ ಅದು ಕಾಯಿಲೆ ಇರಬಹುದು. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ, ಅದರಲ್ಲಿ ಹೆಚ್ಚಿನದು ಆಲ್‌ಝೈಮರ್ಸ್. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಇದಿದೆ.

ಇದಕ್ಕೂ ಅಡುಗೆಮನೆಗೂ ಏನು ಸಂಬಂಧ? ಮೆದುಳಿನ ನೀರಿನಂಶ ಬಿಟ್ಟರೆ ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಹಾಗಾಗಿ ಕೊಬ್ಬು ಬೇಡವೇ ಬೇಡ ಅನ್ನುವುದು ಸರಿಯಲ್ಲ. ಯಾವ ಕೊಬ್ಬು ಎಂಬುದೇ ವಿಷಯ.

ಜಪಾನಿನ ಹಿಸಾಯಾಮ ಎಂಬ ಊರಿನಲ್ಲಿ 60 ದಾಟಿದ 1,628 ಮಂದಿಯನ್ನು ಸುಮಾರು ಹತ್ತು ವರ್ಷ ಗಮನಿಸಿದರು. ಆಗ ಅವರ‍್ಯಾರಿಗೂ ಡಿಮೆನ್ಶಿಯಾ ಇರಲಿಲ್ಲ. ನಂತರ 377 ಮಂದಿಗೆ ಬಂತು. ರಕ್ತದಲ್ಲಿ ಟ್ರಾನ್ಸ್ ಕೊಬ್ಬು ಅತಿ ಹೆಚ್ಚಿದ್ದವರಿಗೆ, ಕಡಿಮೆ ಇದ್ದವರಿಗಿಂತ ಅಪಾಯ ಸುಮಾರು ಒಂದೂವರೆ ಪಟ್ಟು. ಈ ಕೊಬ್ಬು ಹೆಚ್ಚಾಗಿ ಬಂದದ್ದು ಸಿಹಿ ಪೇಸ್ಟ್ರಿಗಳಿಂದ. 2019ರಲ್ಲಿ ಬಂದ ಈ ವರದಿ ನಂಟು ತೋರಿಸುತ್ತದೆ, ಅದೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೆ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂಬುದರಲ್ಲಿ ಸಂಶಯವೇ ಇಲ್ಲ. ಮೆದುಳಿಗೆ ರಕ್ತ ಹೋಗುವುದೂ ಹೃದಯದಿಂದಲೇ ಅಲ್ಲವೇ?

ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಹಳಬರು ಡಾಲ್ಡಾ ಎನ್ನುತ್ತಿದ್ದ ವನಸ್ಪತಿ ಹೀಗೆ ಮಾಡಿದ್ದು. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನಲ್ಲಿ ಇದು ಶೇ. 2 ಮೀರಬಾರದೆಂದು ಸರ್ಕಾರದ ನಿಯಮವಿದೆ. ಆದರೆ ಸಂಜೆ ಚಾಯಕ್ಕೆ ಕಾಗದದಲ್ಲಿ ಕಟ್ಟಿ ತರುವ ಪಫ್ಸ್, ಖಾರಿಗೆ ಲೇಬಲ್ ಇರುವುದಿಲ್ಲ, ಒಳಗೇನಿದೆ ಎಂದು ಓದಲಾಗದು. ರಮಝಾನ್‌ನಲ್ಲಿ ಸಮೋಸ ಕರಿದ ಎಣ್ಣೆಯನ್ನೇ ನಾಳೆ, ನಾಡಿದ್ದು ಮತ್ತೆ ಕಾಯಿಸುವುದೂ ಬೇಡ. ಒಂದು ಬಾಂಡ್ಲೆ ಎಣ್ಣೆ ಉಳಿಸಿ ಲಾಭವೇನು?

ನಮ್ಮ ಭಾಗ್ಯಕ್ಕೆ ಕಡಲು ಪಕ್ಕದಲ್ಲೇ ಇದೆ. ಷಿಕಾಗೊದಲ್ಲಿ 65 ದಾಟಿದ 815 ಮಂದಿಯ ಅಧ್ಯಯನ 2003ರಲ್ಲಿ ಬಂತು. ವಾರಕ್ಕೊಮ್ಮೆಯಾದರೂ ಮೀನು ತಿಂದವರಿಗೆ, ತೀರಾ ಅಪರೂಪಕ್ಕೆ ತಿನ್ನುವವರಿಗಿಂತ ಆಲ್‌ಝೈಮರ್ಸ್ ಅಪಾಯ ಶೇ. 60 ಕಡಿಮೆ ಕಂಡಿತು. ಮೆದುಳಿಗೆ ಬೇಕಾದ ಒಮೆಗಾ-3 ಬೂತಾಯಿ, ಬಂಗುಡೆಯಲ್ಲಿ ಧಾರಾಳ. ನೆಂಟರು ಬಂದರೆ ಅಂಜಲ್ ತರುತ್ತೇವೆ, ಬೂತಾಯಿ ಬಡವರ ಮೀನೆಂದು ಬದಿಗಿಡುತ್ತೇವೆ! ಕರಿದ ಮೀನಿನಲ್ಲಿ ಮಾತ್ರ ಈ ಪ್ರಯೋಜನ ಇನ್ನೊಂದು ಅಧ್ಯಯನದಲ್ಲಿ ಕಾಣಲಿಲ್ಲ. ಪುಳಿಮುಂಚಿ ಮಾಡಿ.

ತೆಂಗಿನೆಣ್ಣೆ ಕುಡಿದರೆ ಮರೆವು ಗುಣವಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಗಟ್ಟಿ ಪುರಾವೆ ಇಲ್ಲ. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಒಗ್ಗರಣೆಗೆ ಹಾಕಿ, ಔಷಧಿಯೆಂದು ಚಮಚದಲ್ಲಿ ಕುಡಿಸಬೇಡಿ. ಕೊಲೆಸ್ಟ್ರಾಲನ್ನು ನಲವತ್ತರ ಆಸುಪಾಸಿನಲ್ಲೇ ಪರೀಕ್ಷಿಸಿ. ನಡುವಯಸ್ಸಿನ ಕೆಟ್ಟ ಕೊಲೆಸ್ಟ್ರಾಲನ್ನು 2024ರ ಲ್ಯಾನ್ಸೆಟ್ ಆಯೋಗ ಡಿಮೆನ್ಶಿಯಾದ ತಡೆಯಬಹುದಾದ 14 ಕಾರಣಗಳಲ್ಲಿ ಸೇರಿಸಿದೆ.

ಈಗಾಗಲೇ ಮರೆವು ಕಾಣಿಸಿದ ಹಿರಿಯರಿದ್ದರೆ "ವಯಸ್ಸಾಯ್ತು" ಎನ್ನದೆ ಒಮ್ಮೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ.