ಎಪ್ಪತ್ತೆರಡು ಸಾವಿರ ಕಂಠಗಳ ಹಿಮ್ಮೇಳ

ಕ್ರೀಡಾಂಗಣವನ್ನು ಕಟ್ಟುವುದು ಆಟ ನೋಡುವುದಕ್ಕೇ ಹೊರತು ಹಾಡು ಕೇಳುವುದಕ್ಕಲ್ಲ. ಅದರ ಮೆಟ್ಟಿಲುಸಾಲಿನ ಆಸನಗಳೂ ನಡುವಿನ ವಿಶಾಲವಾದ ಹುಲ್ಲುಹಾಸೂ ಕಣ್ಣಿನ ಅನುಕೂಲವನ್ನು ನೋಡಿಕೊಂಡು ರೂಪುಗೊಂಡವು. ಕಿವಿಯ ಪಾಲಿಗೆ ಅವು ಪ್ರತಿಧ್ವನಿಯನ್ನೂ ಗಾಳಿಗೆ ಚದುರಿಹೋದ ಸ್ವರಗಳನ್ನೂ ಬಿಟ್ಟರೆ ಹೆಚ್ಚೇನನ್ನೂ ಕೊಡಲಾರವು. ಹೀಗಿದ್ದರೂ ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಮತ್ತು ಏರುದನಿಯ ಗಾಯನವನ್ನು ಆಧರಿಸಿದ ರಾಕ್ ಸಂಗೀತ ತನ್ನ ಚರಿತ್ರೆಯ ಅತ್ಯಂತ ಉಜ್ವಲವಾದ ಕೆಲವು ಸಂಜೆಗಳನ್ನು ಕಂಡದ್ದು ಇಂಥ ಮೈದಾನಗಳಲ್ಲಿಯೇ. ಈ ವಿರೋಧಾಭಾಸದ ಹಿಂದಿರುವ ಸತ್ಯವೆಂದರೆ, ಕ್ರೀಡಾಂಗಣದ ರಾಕ್ ಕಛೇರಿಯು ಸಭಾಂಗಣದ ಕಛೇರಿಯನ್ನೇ ಹಿಗ್ಗಿಸಿದ ರೂಪವಲ್ಲ. ಅದು ಕೇಳುಗರೇ ವಾದ್ಯವಾಗುವ ಬೇರೆಯದೇ ಒಂದು ಕಲಾಪ್ರಕಾರ. ಈ ಸತ್ಯವನ್ನು ಲಂಡನ್ನಿನ ಕ್ವೀನ್ ತಂಡದಷ್ಟು ಸ್ಪಷ್ಟವಾಗಿ ಅರಿತು, ಅದಕ್ಕೆ ತಕ್ಕಂತೆ ಹಾಡುಗಳನ್ನೇ ಕಟ್ಟಿದ ತಂಡ ಮತ್ತೊಂದಿಲ್ಲ.

ಕೇಳಿಸದೆ ಹೋದ ಹಾಡು

ಈ ಪ್ರಕಾರದ ಆರಂಭವನ್ನು ಸಾಮಾನ್ಯವಾಗಿ 1965ರ ಆಗಸ್ಟ್ 15ಕ್ಕೆ ಗುರುತಿಸಲಾಗುತ್ತದೆ. ಅಂದು ನ್ಯೂಯಾರ್ಕಿನ ಶೇ ಸ್ಟೇಡಿಯಂ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಬೀಟಲ್ಸ್ ತಂಡವು ಸುಮಾರು 55,600 ಮಂದಿಯ ಮುಂದೆ ಅರ್ಧ ಗಂಟೆಯ ಕಾಲ ಹನ್ನೆರಡು ಹಾಡುಗಳನ್ನು ಹಾಡಿತು. ಗಿಟಾರಿನ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಸಾಧನಕ್ಕೆ ಆಂಪ್ಲಿಫೈಯರ್ ಎಂದು ಹೆಸರು. ಆ ಪ್ರವಾಸಕ್ಕೆಂದೇ ವಾಕ್ಸ್ ಕಂಪನಿಯು 100 ವಾಟ್ ಶಕ್ತಿಯ ಆಂಪ್ಲಿಫೈಯರುಗಳನ್ನು ಒದಗಿಸಿತ್ತಾದರೂ ಅಭಿಮಾನಿಗಳ ಕಿರುಚಾಟದ ಮುಂದೆ ಅವು ಏನೇನೂ ಸಾಲಲಿಲ್ಲ. ಹಾಡಿದವರಿಗೆ ತಮ್ಮ ದನಿಯೇ ಕೇಳಿಸಲಿಲ್ಲ, ಕೇಳಬಂದವರಿಗೆ ಹಾಡು ಕೇಳಿಸಲಿಲ್ಲ. ಒಂದು ವರ್ಷ ಕಳೆದು ಎರಡು ವಾರವಾದಾಗ, 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ ಮೇಲೆ, ಬೀಟಲ್ಸ್ ಟಿಕೆಟ್ ಇಟ್ಟು ಕಛೇರಿ ನಡೆಸುವುದನ್ನೇ ಕೈಬಿಟ್ಟಿತು. ಜನಸಮೂಹದ ಶಕ್ತಿ ಎಷ್ಟೆಂಬುದು ಶೇ ಮೈದಾನದಲ್ಲಿ ತಿಳಿಯಿತು, ಆದರೆ ಆ ಶಕ್ತಿಯನ್ನು ಸಂಗೀತವಾಗಿಸುವ ದಾರಿ ಅಂದಿನವರೆಗೆ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಧ್ವನಿ ತಂತ್ರಜ್ಞರು ಈ ಸಮಸ್ಯೆಯ ಅರ್ಧ ಭಾಗವನ್ನು ಬಿಡಿಸಿದರು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವುದರಿಂದ, ವೇದಿಕೆಯಿಂದ 100 ಮೀಟರ್ ದೂರ ನಿಂತವನಿಗೆ ಡ್ರಮ್ಮಿನ ಏಟು ಸುಮಾರು 0.3 ಸೆಕೆಂಡ್ ತಡವಾಗಿ ಕೇಳಿಸುತ್ತದೆ. ಹಿಂದಿನ ಸಾಲುಗಳ ಅನುಕೂಲಕ್ಕೆಂದು ಮೈದಾನದ ನಡುವೆ ಇನ್ನಷ್ಟು ಸ್ಪೀಕರುಗಳನ್ನು ಇಟ್ಟರೆ, ತಂತಿಯ ಮೂಲಕ ಹೋಗುವ ಸಂಕೇತ ಕ್ಷಣಮಾತ್ರದಲ್ಲಿ ಅವುಗಳನ್ನು ತಲುಪಿ, ಅಲ್ಲಿಂದ ಬರುವ ಶಬ್ದ ಮೊದಲು, ವೇದಿಕೆಯಿಂದ ಬರುವ ಶಬ್ದ ಆಮೇಲೆ ಎಂಬಂತಾಗಿ ಒಂದೇ ಏಟು ಎರಡಾಗಿ ಕೇಳುತ್ತದೆ. ಆದ್ದರಿಂದ ನಡುವಿನ ಸ್ಪೀಕರುಗಳಿಗೆ ಹೋಗುವ ಸಂಕೇತವನ್ನು ಲೆಕ್ಕ ಹಾಕಿ ಅಷ್ಟೇ ಹೊತ್ತು ತಡೆದು ಬಿಡಬೇಕಾಗುತ್ತದೆ. ಹೀಗೆ ತಡೆದ ಸಂಕೇತದಿಂದ ನಡೆಯುವ ಸ್ಪೀಕರ್ ಗೋಪುರಗಳನ್ನು ಡಿಲೇ ಟವರ್ ಎನ್ನುತ್ತಾರೆ. 1973ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಸೇರಿದ ಸುಮಾರು ಆರು ಲಕ್ಷ ಜನರಿಗೆ ಸಂಗೀತ ಮುಟ್ಟಿಸಲು ಈ ಕೆಲಸಕ್ಕೆ ಡಿಜಿಟಲ್ ಉಪಕರಣವನ್ನು ಬಳಸಲಾಯಿತು. ಹಾಡು ಕಡೆಯ ಸಾಲಿಗೂ ತಲುಪುವಂತಾಯಿತು. ಆದರೆ ಕಡೆಯ ಸಾಲಿನವರ ದನಿಗೆ ಹಾಡಿನೊಳಗೆ ಜಾಗ ಎಲ್ಲಿ ಎಂಬ ಪ್ರಶ್ನೆಗೆ ಯಂತ್ರಗಳಲ್ಲಿ ಉತ್ತರವಿರಲಿಲ್ಲ.

ಎರಡು ಹೆಜ್ಜೆ, ಒಂದು ಚಪ್ಪಾಳೆ

1970ರಲ್ಲಿ ರೂಪುಗೊಂಡ ಕ್ವೀನ್ ತಂಡದಲ್ಲಿ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ, ಗಿಟಾರ್ ವಾದಕ ಬ್ರಯನ್ ಮೇ, ಡ್ರಮ್ಸ್ ವಾದಕ ರೋಜರ್ ಟೇಲರ್ ಇದ್ದರು. ಬೇಸ್ ಗಿಟಾರ್ ನುಡಿಸುವ ಜಾನ್ ಡೀಕನ್ ಮರುವರ್ಷ ಬಂದು ಸೇರಿದರು. ಮರ್ಕ್ಯುರಿಯ ಹುಟ್ಟುಹೆಸರು ಫರೋಖ್ ಬಲ್ಸಾರಾ. 1946ರಲ್ಲಿ ಜಾಂಜಿಬಾರ್ ದ್ವೀಪದ ಪಾರ್ಸಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಬಾಲ್ಯದ ಹಲವು ವರ್ಷಗಳನ್ನು ಮಹಾರಾಷ್ಟ್ರದ ಪಂಚಗಣಿಯ ವಸತಿಶಾಲೆಯಲ್ಲಿ ಕಳೆದು, ಅಲ್ಲಿನ ಗೆಳೆಯರೊಂದಿಗೆ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿ ಪಿಯಾನೋ ನುಡಿಸುತ್ತಿದ್ದರು. ಬ್ರಯನ್ ಮೇ ಭೌತಶಾಸ್ತ್ರದ ವಿದ್ಯಾರ್ಥಿ. ಸಂಗೀತಕ್ಕಾಗಿ ಅರ್ಧಕ್ಕೆ ಬಿಟ್ಟಿದ್ದ ಖಗೋಳ ಭೌತವಿಜ್ಞಾನದ ಸಂಶೋಧನೆಯನ್ನು ಮೂರು ದಶಕಗಳ ನಂತರ ಮತ್ತೆ ಕೈಗೆತ್ತಿಕೊಂಡು 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದವರು.

1977ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್ ಊರಿನ ಬಿಂಗ್ಲಿ ಹಾಲ್‌ನಲ್ಲಿ ಕ್ವೀನ್ ಕಛೇರಿ ಮುಗಿಸಿದಾಗ, ಸೇರಿದ್ದ ಜನ ಮನೆಗೆ ಹೊರಡದೆ ತಾವೇ ತಂಡಕ್ಕಾಗಿ ಒಂದು ಹಾಡನ್ನು ಎತ್ತಿಕೊಂಡರು. ಅದು 'ಯೂ ವಿಲ್ ನೆವರ್ ವಾಕ್ ಅಲೋನ್'. 1945ರ ಸಂಗೀತ ನಾಟಕವೊಂದಕ್ಕೆ ಬರೆದ ಆ ಹಾಡನ್ನು ಲಿವರ್‌ಪೂಲ್ ಫುಟ್‌ಬಾಲ್ ತಂಡದ ಬೆಂಬಲಿಗರು ಮೈದಾನದ ಮೆಟ್ಟಿಲುಗಳಲ್ಲಿ ನಿಂತು ಹಾಡಿ ಹಾಡಿ ತಮ್ಮದಾಗಿಸಿಕೊಂಡಿದ್ದರು. ರಾಕ್ ಸಂಗೀತಗಾರರಿಗೆ ಗೊತ್ತಿಲ್ಲದ ಒಂದು ವಿದ್ಯೆ, ಅಂದರೆ ಸಾವಿರಾರು ಜನ ಒಂದೇ ಉಸಿರಿನಲ್ಲಿ ಹಾಡುವ ವಿದ್ಯೆ, ಫುಟ್‌ಬಾಲ್ ಪ್ರೇಕ್ಷಕರಿಗೆ ಆಗಲೇ ಕರಗತವಾಗಿತ್ತು ಎಂಬುದಕ್ಕೆ ಆ ರಾತ್ರಿ ಸಾಕ್ಷಿಯಾಯಿತು. ಒತ್ತೊತ್ತಾಗಿ ನಿಂತ ಜನಕ್ಕೆ ಏನು ಮಾಡಲು ಸಾಧ್ಯ ಎಂದು ಬ್ರಯನ್ ಮೇ ಯೋಚಿಸಿದರು: ಕಾಲಿನಿಂದ ನೆಲ ತಟ್ಟಬಹುದು, ಚಪ್ಪಾಳೆ ಹೊಡೆಯಬಹುದು, ಹಾಡಬಹುದು.

ಆ ಯೋಚನೆಯ ಫಲವೇ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 'ವಿ ವಿಲ್ ರಾಕ್ ಯೂ'. ಎರಡು ಹೆಜ್ಜೆ, ಒಂದು ಚಪ್ಪಾಳೆ, ನಂತರ ಒಂದು ಮೌನ ಎಂಬ ಆವರ್ತನವೇ ಈ ಹಾಡಿನ ತಳಹದಿ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಗಿಟಾರ್ ಪೂರ್ಣವಾಗಿ ಕೇಳಿಬರುವುದು ಕೊನೆಯಲ್ಲಿ ಮಾತ್ರ. ಹಳೆಯ ಚರ್ಚ್ ಕಟ್ಟಡದಲ್ಲಿದ್ದ ವೆಸೆಕ್ಸ್ ಸ್ಟುಡಿಯೋದಲ್ಲಿ ಹಲಗೆಗಳ ಮೇಲೆ ಕೆಲವೇ ಮಂದಿ ಕಾಲು ತಟ್ಟಿದ್ದನ್ನು ಧ್ವನಿಮುದ್ರಿಸಿ, ಅದೇ ಶಬ್ದವನ್ನು ಹಲವು ಬಾರಿ ಬೇರೆ ಬೇರೆ ಪ್ರಮಾಣದಲ್ಲಿ ತಡಮಾಡಿ ಸೇರಿಸಲಾಯಿತು. ಆ ತಡಗಳ ನಡುವಿನ ಅಂತರವನ್ನು ಮೇ ಅವಿಭಾಜ್ಯ ಸಂಖ್ಯೆಗಳ, ಅಂದರೆ ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ 2, 3, 5, 7ರಂಥ ಸಂಖ್ಯೆಗಳ ಅನುಪಾತದಲ್ಲಿ ಇರಿಸಿದ್ದರಿಂದ ಅದು ಪ್ರತಿಧ್ವನಿಯಂತೆ ಕೇಳದೆ, ಹತ್ತಿರವೂ ದೂರವೂ ನಿಂತ ದೊಡ್ಡ ಗುಂಪೊಂದರ ಹೆಜ್ಜೆಯಂತೆ ಕೇಳುತ್ತದೆ. ಮೈದಾನದಲ್ಲಿ ದೋಷವೆನಿಸಿದ್ದ ಶಬ್ದದ ತಡವೇ ಇಲ್ಲಿ ಹಾಡಿನ ಜೀವವಾಯಿತು. ಕೇಳುಗರಿಗಾಗಿ ಹಾಡು ಬರೆಯುವ ಬದಲು ಕೇಳುಗರನ್ನೇ ಹಾಡಿನ ತಾಳವಾಗಿ ಬರೆದ ಈ ಕ್ರಮ ರಾಕ್ ಚರಿತ್ರೆಯ ಬಹುದೊಡ್ಡ ತಿರುವು. ಅದರ ಜೊತೆಯ ಹಾಡಾದ 'ವಿ ಆರ್ ದ ಚಾಂಪಿಯನ್ಸ್' ಇಂದಿಗೂ ಗೆದ್ದ ತಂಡಗಳ ಸಂಭ್ರಮದಲ್ಲಿ ಮೊಳಗುತ್ತಿದ್ದು, ಆಟದ ಮೈದಾನದಿಂದ ಪಡೆದದ್ದನ್ನು ಕ್ವೀನ್ ಹೀಗೆ ಮೈದಾನಕ್ಕೇ ಹಿಂದಿರುಗಿಸಿದೆ.

ಸೊಲ್ಲೆತ್ತಿ ಕೊಡುವವನು

ಒಬ್ಬನು ಸೊಲ್ಲೆತ್ತಿ ಕೊಟ್ಟರೆ ಬಳಗವೆಲ್ಲ ಅದನ್ನು ಹಿಂಬಾಲಿಸುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ದೇವಸ್ಥಾನದ ಭಜನೆಯಲ್ಲಿಯೂ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿಯೂ ಮುಂದಾಳು ಗಾಯಕನ ಮಾತನ್ನು ಹಿಮ್ಮೇಳ ಎತ್ತಿಕೊಳ್ಳದಿದ್ದರೆ ಹಾಡು ಮುಂದೆ ಸಾಗುವುದೇ ಇಲ್ಲ. ಕ್ವೀನ್ ಮಾಡಿದ್ದು ಇಡೀ ಮೈದಾನವನ್ನೇ ಇಂಥ ಹಿಮ್ಮೇಳವಾಗಿಸುವ ಕೆಲಸ. ಅದಕ್ಕೆ ಭಾಷೆಯೂ ಅಡ್ಡಿಯಾಗಲಿಲ್ಲ. 1981ರ ಮಾರ್ಚ್ 20ರಂದು ಬ್ರೆಜಿಲ್‌ನ ಸಾವೊ ಪಾಲೊ ನಗರದ ಮೊರುಂಬಿ ಕ್ರೀಡಾಂಗಣದಲ್ಲಿ ಸುಮಾರು 1,31,000 ಜನ ಸೇರಿದ್ದರು. ದಕ್ಷಿಣ ಅಮೆರಿಕದ ಆ ಪ್ರವಾಸದಲ್ಲಿ, ಇಂಗ್ಲಿಷ್ ತಾಯ್ನುಡಿಯಲ್ಲದ ಅಭಿಮಾನಿಗಳು 'ಲವ್ ಆಫ್ ಮೈ ಲೈಫ್' ಎಂಬ ಮೆಲುದನಿಯ ಹಾಡನ್ನು ತಾವೇ ಹಾಡುತ್ತಿದ್ದರೆ ಮರ್ಕ್ಯುರಿ ಸುಮ್ಮನೆ ನಿಂತು ಕೇಳುತ್ತಿದ್ದರು. 1986ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಅವರು ಅಂಥ ಪ್ರೀತಿಗೆ ಪ್ರತಿಯಾಗಿ, ಸಾಹಿತ್ಯವನ್ನು ಅಂಗೈ ಮೇಲೆ ಬರೆದುಕೊಂಡು, ಹಂಗೇರಿ ಭಾಷೆಯ ಜನಪದ ಗೀತೆಯೊಂದನ್ನು ಹಾಡಿದಾಗ ಇಡೀ ಕ್ರೀಡಾಂಗಣ ದನಿಗೂಡಿಸಿತು.

ಈ ಸಂಬಂಧದ ಶಿಖರವೆಂದರೆ 1985ರ ಜುಲೈ 13. ಇಥಿಯೋಪಿಯಾದ ಬರಗಾಲ ಸಂತ್ರಸ್ತರಿಗೆ ಹಣ ಕೂಡಿಸಲು ಸಂಗೀತಗಾರರಾದ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿಯೂ ಅಮೆರಿಕದ ಫಿಲಡೆಲ್ಫಿಯಾದಲ್ಲಿಯೂ ಒಂದೇ ದಿನ 'ಲೈವ್ ಏಡ್' ಕಛೇರಿಗಳನ್ನು ಏರ್ಪಡಿಸಿದ್ದರು. ಕ್ವೀನ್ ಪಾಲಿಗೆ ಅದು ಒಳ್ಳೆಯ ಕಾಲವಾಗಿರಲಿಲ್ಲ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕವನ್ನು ಕಲಾವಿದರು ಬಹಿಷ್ಕರಿಸಬೇಕೆಂಬ ಕರೆಯನ್ನು ಮೀರಿ 1984ರಲ್ಲಿ ಅಲ್ಲಿನ ಸನ್ ಸಿಟಿಯಲ್ಲಿ ಹಾಡಿದ್ದಕ್ಕಾಗಿ ತಂಡವು ನ್ಯಾಯವಾಗಿಯೇ ಕಟು ಟೀಕೆಗೆ ಗುರಿಯಾಗಿತ್ತು. ವೆಂಬ್ಲಿಯಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷಗಳ ಆಸುಪಾಸಿನ ಅವಧಿ. ಸಂಜೆಯ ಬೆಳಕು ಇನ್ನೂ ಆರದಿದ್ದುದರಿಂದ ದೀಪಾಲಂಕಾರದ ನೆರವು ಇರಲಿಲ್ಲ, ಸೇರಿದ್ದ ಸುಮಾರು 72,000 ಜನರಲ್ಲಿ ಎಲ್ಲರೂ ಆ ತಂಡದ ಅಭಿಮಾನಿಗಳೂ ಆಗಿರಲಿಲ್ಲ. ತಂಡವು ಶಾ ಥಿಯೇಟರಿನಲ್ಲಿ ಮೊದಲೇ ಅಭ್ಯಾಸ ನಡೆಸಿ, ಆರು ಜನಪ್ರಿಯ ಹಾಡುಗಳನ್ನು, ಕೆಲವನ್ನು ಮೊಟಕುಗೊಳಿಸಿ, ಬಿಡುವಿಲ್ಲದಂತೆ ಹೆಣೆದುಕೊಂಡು ಬಂದಿತ್ತು.

ರೋಜರ್ ಟೇಲರ್ ಬರೆದ 'ರೇಡಿಯೋ ಗಾಗಾ' ಹಾಡಿನ ಪಲ್ಲವಿ ಬಂದಾಗ, ಎಲ್ಲರ ತೋಳುಗಳೂ ಒಟ್ಟಿಗೆ ತಲೆಯ ಮೇಲೆದ್ದು ಎರಡೆರಡು ಚಪ್ಪಾಳೆಯಾಗಿ ಕೂಡಿಕೊಂಡವು. ಇದನ್ನು ಯಾರೂ ಅಂದು ಕಲಿಸಿರಲಿಲ್ಲ. 1983ರ ನವೆಂಬರಿನಲ್ಲಿ ಶೆಪರ್ಟನ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ಆ ಹಾಡಿನ ವಿಡಿಯೋದಲ್ಲಿ ಅದೇ ಚಪ್ಪಾಳೆ ಹೊಡೆದ ನೂರಾರು ಮಂದಿ ಕ್ವೀನ್ ಅಭಿಮಾನಿ ಸಂಘದ ಸದಸ್ಯರು. ಅದನ್ನು ಟಿವಿಯಲ್ಲಿ ನೋಡಿ ಕಲಿತ ಜನ ವೆಂಬ್ಲಿಯಲ್ಲಿ ತಾವಾಗಿ ಮರಳಿಸಿದರು. ಹೀಗೆ ಕಲಿಸಿದವರೂ ಕಲಿತವರೂ ಕೇಳುಗರೇ ಆಗಿದ್ದು, ತಂಡವು ಅವರಿಬ್ಬರ ನಡುವಿನ ಸೇತುವೆ ಮಾತ್ರವಾಗಿತ್ತು. ಆ ಹಾಡಿನ ಬೆನ್ನಿಗೇ ಮರ್ಕ್ಯುರಿ ಪದಗಳಿಲ್ಲದ ಸ್ವರಗಳನ್ನು ಒಂದೊಂದಾಗಿ ಎಸೆದರು; ಮೈದಾನ ಒಂದೊಂದನ್ನೂ ಹಿಡಿದು ಹಿಂದಿರುಗಿಸಿತು. 100 ಮೀಟರ್ ದೂರದ ದನಿ ವೇದಿಕೆಗೆ ಮರಳಲು ಹೋಗುವ ದಾರಿಯೂ ಬರುವ ದಾರಿಯೂ ಸೇರಿ 0.6 ಸೆಕೆಂಡ್ ಬೇಕು. ಗಾಯಕ ಸ್ವರ ಬಿಟ್ಟು ಸುಮ್ಮನೆ ಕಾಯುವ ಈ ಆಟದಲ್ಲಿ ಆ ಕೊರತೆ ತಾನಾಗಿ ಕರಗಿಹೋಗುತ್ತದೆ. ಶೇ ಮೈದಾನದಲ್ಲಿ ಹಾಡನ್ನು ಮುಳುಗಿಸಿದ್ದ ಜನರ ದನಿಯೇ ಇಪ್ಪತ್ತು ವರ್ಷಗಳ ನಂತರ ವೆಂಬ್ಲಿಯಲ್ಲಿ ಹಾಡಾಯಿತು. 2005ರಲ್ಲಿ ಬ್ರಿಟನ್ನಿನ ಸಂಗೀತ ವಲಯದವರು ಪಾಲ್ಗೊಂಡ ಮತಸಂಗ್ರಹವೊಂದರಲ್ಲಿ ಇದೇ ಪ್ರದರ್ಶನವು ರಾಕ್ ಚರಿತ್ರೆಯಲ್ಲೇ ಶ್ರೇಷ್ಠವೆಂದು ಆಯ್ಕೆಯಾಯಿತು.

ಅಭಿಮಾನದ ಬಲ, ಅಭಿಮಾನದ ಹೊಣೆ

ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಪ್ರಕಟಿಸಿದ ಧರ್ಮ ಕುರಿತ ಗ್ರಂಥದಲ್ಲಿ, ಜನ ಒಂದೆಡೆ ಸೇರಿ ಒಂದೇ ಕ್ರಿಯೆಯಲ್ಲಿ ತೊಡಗಿದಾಗ ಒಬ್ಬೊಬ್ಬರ ಮಿತಿಯನ್ನೂ ಮೀರಿದ ಚೈತನ್ಯವೊಂದು ಉಕ್ಕುತ್ತದೆ ಎಂದು ವಿವರಿಸಿ, ಅದನ್ನು ಸಾಮೂಹಿಕ ಉಕ್ಕು ಎಂಬ ಅರ್ಥದ ಮಾತಿನಿಂದ ಕರೆದರು. ಬುಡಕಟ್ಟುಗಳ ಆಚರಣೆಯನ್ನು ಕುರಿತು ಅವರು ಹೇಳಿದ್ದು ರಾಕ್ ಕಛೇರಿಗೂ ಸಲ್ಲುತ್ತದೆ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ನಾನಾ ಊರುಗಳಿಂದ ಯುವಕರು ಬಂದು ಸೇರಿದ್ದು ಕೇವಲ ಕೇಳುವುದಕ್ಕಲ್ಲ, ಧ್ವನಿಮುದ್ರಿಕೆಯಲ್ಲಿ ಒಂಟಿಯಾಗಿ ಕೇಳಿದ್ದನ್ನು ತಮ್ಮಂಥವರೊಡನೆ ಕೂಡಿ ಹಾಡುವುದಕ್ಕೆ.

ಇಷ್ಟು ದೊಡ್ಡ ಚೈತನ್ಯವನ್ನು ಕರೆಯುವವರ ಮೇಲೆ ಅಷ್ಟೇ ದೊಡ್ಡ ಹೊಣೆಯೂ ಇರುತ್ತದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದ ಹೂ ತಂಡದ ಕಛೇರಿಗೆ ಬಂದವರಲ್ಲಿ 11 ಮಂದಿ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು. ಆಸನಗಳಿಗೆ ಸಂಖ್ಯೆ ಕೊಡದೆ, ಮೊದಲು ಬಂದವರಿಗೆ ಮುಂದಿನ ಜಾಗ ಎಂಬ ಪದ್ಧತಿ ಅಲ್ಲಿತ್ತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದಿದ್ದ 11 ಅಭಿಮಾನಿಗಳು ಅದೇ ರೀತಿ ಸತ್ತರು. ಸಂಗೀತವಿರಲಿ, ಆಟವಿರಲಿ, ಅಭಿಮಾನಿಯ ಪ್ರೀತಿಯನ್ನು ಟಿಕೆಟ್ಟಿನ ಲೆಕ್ಕದಲ್ಲಿ ಮಾತ್ರ ನೋಡಿ, ಅವನ ದೇಹಕ್ಕೆ ಬೇಕಾದ ಜಾಗವನ್ನೂ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಅಕ್ಷಮ್ಯ. ತಂತಿಯಲ್ಲಿ ಹರಿಯುವ ಶಬ್ದಕ್ಕೆ ಸೆಕೆಂಡಿನ ಭಿನ್ನಾಂಶದಷ್ಟು ಎಚ್ಚರ ವಹಿಸುವ ವ್ಯವಸ್ಥೆ, ಬಾಗಿಲಲ್ಲಿ ನಿಂತ ಜನರ ಬಗ್ಗೆಯೂ ಅಷ್ಟೇ ಎಚ್ಚರ ವಹಿಸಬೇಕು, ಏಕೆಂದರೆ ಅವರೂ ಆ ಕಛೇರಿಯ ವಾದ್ಯಗಳೇ.

ಮರ್ಕ್ಯುರಿ ತಂಡದೊಡನೆ ಕೊನೆಯ ಬಾರಿ ಕಛೇರಿಯಲ್ಲಿ ಹಾಡಿದ್ದು 1986ರ ಆಗಸ್ಟ್ 9ರಂದು, ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ. 1991ರ ನವೆಂಬರ್ 24ರಂದು ಏಡ್ಸ್ ಸಂಬಂಧಿತ ನ್ಯುಮೋನಿಯಾದಿಂದ ಅವರು ತೀರಿಕೊಂಡ ಮೇಲೆ, 1992ರ ಏಪ್ರಿಲ್ 20ರಂದು ವೆಂಬ್ಲಿ ಅವರ ಸ್ಮರಣೆಗಾಗಿ ಮತ್ತೆ ತುಂಬಿತು, ಆ ಚಪ್ಪಾಳೆಯೂ ಮತ್ತೆ ಎದ್ದಿತು. 2017ರ ಜುಲೈ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗ್ರೀನ್ ಡೇ ಎಂಬ ಬೇರೊಂದು ತಂಡದ ಕಛೇರಿಗೆ ಸುಮಾರು 65,000 ಜನ ಕಾದು ನಿಂತಿದ್ದಾಗ, ಧ್ವನಿವರ್ಧಕದಲ್ಲಿ ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸಡಿ' ಕೇಳಿಬಂತು. ಅಲ್ಲಿ ನಿಂತಿದ್ದ ಯುವಜನರಲ್ಲಿ ಹಲವರು ಹುಟ್ಟುವ ಮೊದಲೇ ಮರ್ಕ್ಯುರಿ ಇಲ್ಲವಾಗಿದ್ದರು, ವೇದಿಕೆಯ ಮೇಲೆ ಹಾಡುಗಾರರು ಯಾರೂ ಇರಲಿಲ್ಲ. ಆದರೂ ಆರು ನಿಮಿಷಗಳ ಆ ಕಠಿಣವಾದ ಹಾಡನ್ನು, ಅದರ ಗಿಟಾರಿನ ಭಾಗವನ್ನೂ ಬಿಡದೆ, ಜನರೇ ಮೊದಲಿನಿಂದ ಕೊನೆಯವರೆಗೆ ಹಾಡಿ ಮುಗಿಸಿದರು.