ಸೌಂಡ್ ಎಲ್ಲಿಗೆ ಹೋಯಿತು?

ಪರದೆಯ ಮೇಲೆ ಸಿನಿಮಾ ಓಡುತ್ತಿದೆ, ನಾಯಕನ ತುಟಿ ಅಲ್ಲಾಡುತ್ತಿದೆ, ದನಿ ಮಾತ್ರ ಇಲ್ಲ. ಮನೆಯ ಕಂಪ್ಯೂಟರಿಗೆ ಈ ಕಾಯಿಲೆ ಬಂತೆಂದರೆ ರಾಯದುರ್ಗ, ಮಡಕಶಿರಾ ಕಡೆಯೂ ಮೊದಲು ಸಿಗುವ ಸಲಹೆ ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎನ್ನುವುದು. ದಯವಿಟ್ಟು ತಡೆಯಿರಿ. ಕಣೇಕಲ್ಲು ಕೆರೆಗೆ ನೀರು ಬರಲಿಲ್ಲವೆಂದರೆ ರೈತ ತುಂಗಭದ್ರಾ ಅಣೆಕಟ್ಟನ್ನೇ ಒಡೆದು ಕಟ್ಟಿ ಎನ್ನುವುದಿಲ್ಲ. ಕಾಲುವೆಯ ತೂಬು ಯಾವ ಕಡೆಗೆ ತೆರೆದಿದೆ ಎಂದು ಹೋಗಿ ನೋಡುತ್ತಾನೆ. ಇಲ್ಲಿಯೂ ಬಹಳ ಸಲ ಸೌಂಡ್ ಸತ್ತಿರುವುದಿಲ್ಲ, ನಮಗೆ ಬೇಡದ ಕಡೆ ಹರಿಯುತ್ತಿರುತ್ತದೆ.

ಕಂಪ್ಯೂಟರಿನೊಳಗೆ ಹಾಡೆಂದರೆ ಅಂಕಿಗಳ ಸಾಲು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಒಂದೊಂದು ಕಿವಿಗೂ ಸೆಕೆಂಡಿಗೆ 44,100 ಅಂಕಿ. ಪ್ರತಿಯೊಂದೂ 65,536 ಮಟ್ಟಗಳಲ್ಲಿ ಯಾವುದೋ ಒಂದು. ಮದರ್‌ಬೋರ್ಡಿನ ಮೇಲಿನ ಕೋಡೆಕ್ ಎಂಬ ಪುಟ್ಟ ಚಿಪ್ ಇವನ್ನು ಏರಿಳಿಯುವ ವೋಲ್ಟೇಜ್ ಆಗಿಸಿ ಹಿಂಬದಿಯ ಹಸಿರು ಜ್ಯಾಕ್‌ಗೆ ಕಳಿಸುತ್ತದೆ. 1981ರ ಐಬಿಎಂ ಪಿಸಿಗೆ ಈ ಭಾಗ್ಯ ಇರಲಿಲ್ಲ, ಅದಕ್ಕೆ ಬರುತ್ತಿದ್ದದ್ದು ಬೀಪ್ ಒಂದೇ.

ಹುಡುಕಾಟವನ್ನು ಸ್ಪೀಕರ್ ಕಡೆಯಿಂದ ಶುರು ಮಾಡಿ. ಕರೆಂಟಿನಲ್ಲಿ ನಡೆಯುವ ಸ್ಪೀಕರನ್ನು ಆನ್ ಮಾಡಿ, ವಾಲ್ಯೂಮ್ ಅರ್ಧಕ್ಕಿಟ್ಟು, ಹಸಿರು ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ಅದರ ತುದಿಯನ್ನಷ್ಟೇ ಬೆರಳಿನಿಂದ ಮುಟ್ಟಿ. ‘ಗುಂಯ್’ ಎಂದಿತೇ? ಮನೆಯ ವೈರಿಂಗಿನಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಅದರ ಸೋಂಕು ನಿಮ್ಮ ಮೈಗೆ ತಗುಲಿ, ಪಿನ್ನಿನ ಮೂಲಕ ಒಳಹೊಕ್ಕು, ಆಂಪ್ಲಿಫೈಯರಿನಲ್ಲಿ ಹಿಗ್ಗಿ ಹೀಗೆ ಕೇಳಿಸುತ್ತದೆ. ಗುಂಯ್‌ಗುಟ್ಟಿದರೆ ಸ್ಪೀಕರ್, ವೈರ್ ಎರಡೂ ಸರಿಯಿವೆ, ತಪ್ಪು ಕಂಪ್ಯೂಟರಿನದು. ಮೌನವಾಗಿದ್ದರೆ ಕಂಪ್ಯೂಟರಿನ ತಂಟೆಗೆ ಹೋಗುವ ಮುಂಚೆ ಸ್ಪೀಕರನ್ನೇ ನೋಡಿ. ಕಾಸು ಖರ್ಚಿಲ್ಲದ ಇಂಥ ಪರೀಕ್ಷೆಯನ್ನು ಶಾಲೆಯಲ್ಲಿ ಯಾಕೆ ತೋರಿಸುವುದಿಲ್ಲವೋ!

ಇನ್ನು ತೂಬಿನ ವಿಚಾರ. ಮಾನಿಟರಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಚಿತ್ರದ ಜತೆಗೆ ಧ್ವನಿಯನ್ನೂ ಒಯ್ಯುತ್ತದೆ. ಹೊಸ ಮಾನಿಟರ್ ಹಾಕಿದಾಗಲೋ, ಅಪ್‌ಡೇಟ್ ಆದಾಗಲೋ ವಿಂಡೋಸ್ ತನ್ನಷ್ಟಕ್ಕೆ ಆ ದಾರಿ ಹಿಡಿದುಬಿಡುವುದುಂಟು. ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ ಹಾಡು ಅಲ್ಲೇ ಇಂಗಿಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಬಿಟ್ಟಿರುವ ಬ್ಲೂಟೂತ್ ಇಯರ್‌ಫೋನೂ ಹೀಗೆಯೇ ಧ್ವನಿಯನ್ನು ಕದಿಯುತ್ತದೆ. ಪರದೆಯ ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆ ಎಂದು ನೋಡಿ ಬದಲಿಸಿದರೆ ಮುಗಿಯಿತು.

ರಾಯದುರ್ಗದಲ್ಲಿ ಇನ್ನೊಂದನ್ನು ಅನುಮಾನಿಸಬೇಕು: ಜೀನ್ಸ್ ದೂಳು. ಇದು ಜೀನ್ಸ್ ಹೊಲಿಯುವ ಊರು. ಡೆನಿಮ್ ಕತ್ತರಿಸಿದಲ್ಲೆಲ್ಲ ನೀಲಿ ಹತ್ತಿಯ ಸಣ್ಣ ಎಳೆಗಳು ಹಾರುತ್ತವೆ. ಲ್ಯಾಪ್‌ಟಾಪಿನ ಇಯರ್‌ಫೋನ್ ಜ್ಯಾಕ್ ಒಳಗೆ ಸ್ಪ್ರಿಂಗಿನಂಥ ತೆಳು ಲೋಹದ ಪಟ್ಟಿಯಿದೆ. ಪಿನ್ ಬಂದಾಗ ಅದು ಸರಿಯುತ್ತದೆ, ಕಂಪ್ಯೂಟರ್ ತನ್ನ ಸ್ಪೀಕರನ್ನು ಬಂದ್ ಮಾಡುತ್ತದೆ. ಎಳೆಗಳು ಅಲ್ಲಿ ಗಂಟುಕಟ್ಟಿ ಪಟ್ಟಿ ತನ್ನ ಜಾಗಕ್ಕೆ ಮರಳದಿದ್ದರೆ, ಇಯರ್‌ಫೋನ್ ಇಲ್ಲದಿದ್ದರೂ ಇದೆ ಎಂದೇ ಕಂಪ್ಯೂಟರ್ ನಂಬಿರುತ್ತದೆ. ಆಫ್ ಮಾಡಿ, ಬ್ಲೋವರಿನಿಂದ ಗಾಳಿ ಹೊಡೆದು, ಪಿನ್ನನ್ನು ನಾಲ್ಕಾರು ಸಲ ಹಾಕಿ ತೆಗೆಯಿರಿ. ಸೂಜಿ ಬೇಡ. ಹೊಲಿಗೆ ಮಿಷನ್ನಿನ ಎಣ್ಣೆಯಂತೂ ಬೇಡವೇ ಬೇಡ, ದೂಳಿಗೆ ಅದು ಅಂಟು.

ಮಡಕಶಿರಾ, ಅಮರಾಪುರಂ ಕಡೆಯ ಮನೆಗೆ ಆಫೀಸಿನಲ್ಲಿ ದುಡಿದ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಬಂದಿದ್ದರೆ ವಿಂಡೋಸ್‌ಗಿಂತ ಮೊದಲೇ ಏಳುವ ಬಯಾಸ್‌ನ ಸೆಟ್ಟಿಂಗ್ ನೋಡಬೇಕು. ಕೆಲವು ಆಫೀಸುಗಳಲ್ಲಿ ಸೌಂಡನ್ನು ಅಲ್ಲಿಯೇ ಬಂದ್ ಮಾಡಿಸಿರುತ್ತಾರೆ. ಆಗ ವಿಂಡೋಸ್ ಕಣ್ಣಿಗೆ ಕೋಡೆಕ್ ಬೀಳುವುದೇ ಇಲ್ಲ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅಷ್ಟೆ. ಕೋಡೆಕ್ ಕಾಣಿಸುತ್ತಿದ್ದು ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಿದ್ದಿದ್ದರೆ ಅದು ಬಹುಪಾಲು ಡ್ರೈವರ್ ದೋಷ, ಅಂದರೆ ಕೋಡೆಕ್ಕನ್ನು ನಡೆಸುವ ತಂತ್ರಾಂಶದ್ದು; ಆ ಡ್ರೈವರನ್ನು ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ತಾನೇ ಇನ್ನೊಂದನ್ನು ಹಾಕಿಕೊಳ್ಳುತ್ತದೆ.

ಕೋಡೆಕ್ಕೇ ಸುಟ್ಟಿದ್ದರೂ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡಿನೊಳಗೆ ಬೇರೆಯದೇ ಕೋಡೆಕ್ ಇರುತ್ತದೆ. ಚುಚ್ಚಿದ ಮೇಲೆ ಸ್ಪೀಕರ್ ಗುರುತನ್ನು ಒತ್ತಿ ಅದನ್ನೇ ಆರಿಸಿಕೊಳ್ಳಿ.