ವೆಬ್‌ಸೈಟ್ ಮಾಡಿಸುವ ಮುನ್ನ ಇಷ್ಟು ತಿಳಿದಿರಲಿ



ಹಾಲು ಡೇರಿಗೆ ಹೋಗುತ್ತದೆ, ಸಗಣಿ ತಿಪ್ಪೆಗೆ ಹೋಗುತ್ತದೆ. ಆ ಸಗಣಿಯಿಂದಲೇ ಎರೆಗೊಬ್ಬರ ಮಾಡಿ, ಪಟ್ಟಣದಲ್ಲಿ ತಾರಸಿ ತೋಟ ಮಾಡುವವರಿಗೆ ಮಾರುವ ಮಹಿಳಾ ಗುಂಪುಗಳಿವೆ. ಇಂಥ ಗುಂಪಿಗೆ ಯಾರಾದರೂ ಬಂದು, "ಅಕ್ಕಾ, ನಿಮಗೊಂದು ವೆಬ್‌ಸೈಟ್ ಮಾಡಿಕೊಡ್ತೀನಿ, ಮನೇಲಿ ಕೂತೇ ಆರ್ಡರ್ ಬರುತ್ತೆ" ಎಂದರೆ ತಕ್ಷಣ ದುಡ್ಡು ಎಣಿಸಿ ಕೊಡಬೇಡಿ. ಹಲ್ಲು, ಕೆಚ್ಚಲು ನೋಡದೆ ನಾವು ಹಸು ಕೊಳ್ಳುತ್ತೇವೆಯೇ? ಇದೂ ಹಾಗೆಯೇ.

ಹೆಸರು: ಇಂಟರ್‌ನೆಟ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ಸಂಖ್ಯೆ ಇರುತ್ತದೆ, ಸಂಘದಲ್ಲಿ ನಿಮಗೆ ಸದಸ್ಯ ಸಂಖ್ಯೆ ಇರುವಂತೆ. ಸಂಖ್ಯೆ ಜನರ ನೆನಪಿನಲ್ಲಿ ಉಳಿಯುವುದಿಲ್ಲ, ಆದ್ದರಿಂದ 'ಡಾಟ್ ಇನ್', 'ಡಾಟ್ ಕಾಮ್' ಎಂದು ಮುಗಿಯುವ ಹೆಸರು ಇಡುತ್ತಾರೆ. ಇದೇ ಡೊಮೇನ್. ಇದನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಒಂದು ವರ್ಷಕ್ಕೋ ಕೆಲವು ವರ್ಷಕ್ಕೋ ನೋಂದಾಯಿಸಿ, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ತಪ್ಪಿದರೆ ಬೇರೆಯವರು ಅದನ್ನು ಪಡೆಯಬಹುದು. ನೋಂದಣಿ ಗುಂಪಿನ ಹೆಸರಿನಲ್ಲಿ, ಗುಂಪಿನ ಇಮೇಲ್ ಮತ್ತು ಫೋನ್ ನಂಬರಿನಲ್ಲೇ ಇರಲಿ. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ, ನಾಳೆ ಮನಸ್ತಾಪ ಬಂದಾಗ ಹೆಸರು ಅವರ ಕೈಯಲ್ಲೇ ಉಳಿಯುತ್ತದೆ.

ಜಾಗ: ಫೋಟೊ, ಬೆಲೆಪಟ್ಟಿ, ಆರ್ಡರ್ ವಿವರಗಳೆಲ್ಲ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಅದೇ ಸರ್ವರ್. ಅದರಲ್ಲಿ ಜಾಗ ಪಡೆಯುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಇದು ಅಂಗಡಿ ಬಾಡಿಗೆಯಂತೆ, ಕಟ್ಟುತ್ತಲೇ ಇರಬೇಕು. ಮೊದಲ ವರ್ಷದ ದರವನ್ನಷ್ಟೇ ಅಲ್ಲ, ಎರಡನೇ ವರ್ಷದ ದರವನ್ನೂ ಕೇಳಿ.

ಬೀಗ: ವಿಳಾಸ 'ಎಚ್‌ಟಿಟಿಪಿಎಸ್' ಎಂದು ಆರಂಭವಾದರೆ, ಗಿರಾಕಿ ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾಗದು. ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೂ ಸಿಗುತ್ತದೆ. ಆದರೆ ಬೀಗ ಇದ್ದ ಮಾತ್ರಕ್ಕೆ ಮಾರುವವರು ಪ್ರಾಮಾಣಿಕರು ಎಂದರ್ಥವಲ್ಲ.

ಹಣ: ಪೇಮೆಂಟ್ ಗೇಟ್‌ವೇ ಮೂಲಕ ಬಂದ ಹಣ ಅವರ ಶುಲ್ಕ ಕಳೆದು ನಿಮ್ಮ ಖಾತೆಗೆ ಸೇರುತ್ತದೆ. ಯುಪಿಐ ಕ್ಯೂಆರ್ ಕೊಟ್ಟರೆ ನೇರವಾಗಿ ಖಾತೆಗೆ ಬರುತ್ತದೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಹಣ ಪಡೆಯಲು ಪಿನ್ ಬೇಕಿಲ್ಲ. "ಮುಂಗಡ ಕಳಿಸಿದ್ದೇವೆ, ಪಿನ್ ಒತ್ತಿ" ಎಂದವರು ವಂಚಕರು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಲೆಕ್ಕ: ಗೊಬ್ಬರ ಭಾರದ ಸರಕು, ಸಾಗಣೆಯೇ ಲಾಭ ತಿನ್ನಬಹುದು. ಉದಾಹರಣೆಗೆ ಹೆಸರು, ಜಾಗ, ದುರಸ್ತಿ ಸೇರಿ ವರ್ಷಕ್ಕೆ 6,000 ರೂಪಾಯಿ ಖರ್ಚು ಎಂದುಕೊಳ್ಳಿ. ಸಾಗಣೆ ಕಳೆದು ಚೀಲಕ್ಕೆ 30 ರೂಪಾಯಿ ಉಳಿದರೆ, 200 ಚೀಲ ಮಾರಿದ ಮೇಲಷ್ಟೇ ಆ ಖರ್ಚು ಹುಟ್ಟುತ್ತದೆ. ಅಷ್ಟು ಗೊಬ್ಬರ ನಿಮ್ಮ ತೊಟ್ಟಿಗಳಲ್ಲಿ ತಯಾರಾಗುತ್ತದೆಯೇ? ಇಲ್ಲವಾದರೆ ಮೊದಲು ಉಚಿತವಾದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಫೋಟೊ, ದರ ಹಾಕಿ ಹತ್ತಿರದ ಪಟ್ಟಣಕ್ಕೆ ಮಾರಿ. ಗಿರಾಕಿಗಳು ಹೆಚ್ಚಿದಾಗ ವೆಬ್‌ಸೈಟಿನ ಯೋಚನೆ ಮಾಡಿ.

ಎರೆಗೊಬ್ಬರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ. ಮಾರುವ ಮುನ್ನ ಗುಣಮಟ್ಟ ಮತ್ತು ಅನುಮತಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕೊನೆಯದಾಗಿ, ಏನೇ ತೀರ್ಮಾನವಾದರೂ ಗುಂಪಿನ ಸಭೆಯಲ್ಲಿ ಚರ್ಚಿಸಿ ಠರಾವು ಬರೆಯಿರಿ. ಪಾಸ್‌ವರ್ಡ್‌ಗಳು ಒಬ್ಬರ ಬಳಿ ಮಾತ್ರ ಇರದೆ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ನವೀಕರಣದ ದಿನಾಂಕವನ್ನು ಹಸುವಿಗೆ ಲಸಿಕೆ ಹಾಕಿಸುವ ದಿನದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.